ಗ್ರೌಂಡ್ ಫ್ಲೋರ್ ಇಲ್ಲದ ಊರು

ಬಾಗಿಲಲ್ಲಿ ನಿಂತು ‘ನಡಿ ಆಚೆ’ ಅನ್ನುವವರನ್ನು ಕಂಡರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರುತ್ತದೆ. ಅಂಥವನಿಗೆ ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ಸಿಕ್ಕಿದ ಮೊದಲ ದೊಡ್ಡ ಕೆಲಸ ಯಾವುದು ಗೊತ್ತೆ? ಬಾಗಿಲಲ್ಲಿ ನಿಂತು ‘ನಡಿ ಆಚೆ’ ಅನ್ನುವ ಪ್ರೋಗ್ರಾಮು ಬರೆಯುವುದು.

ನಮ್ಮದು ಮನೆಯಲ್ಲಿ ಮಲಗಿರುವ ರೋಗಿಗಳಿಗೆ ಆಕ್ಸಿಜನ್ ಸಿಲಿಂಡರ್ ಮುಟ್ಟಿಸುವ ಕಂಪನಿ. ಕೆಳಗೆ ಯಾರ್ಡು. ಅಲ್ಲಿ ಸಾಲುಸಾಲಾಗಿ ನಿಂತ ಸಿಲಿಂಡರುಗಳು, ಗಾಡಿಗಳು, ಹೆಲ್ಪರುಗಳು, ಅವರ ಮೇಲೆ ಕೂಗಾಡುವ ಮೇಸ್ತ್ರಿ. ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಒಂದು ಉದ್ದನೆಯ ಕೋಣೆ. ಅಲ್ಲಿ ಕಂಪ್ಯೂಟರುಗಳು, ಫೋನು ಎತ್ತುವ ಹುಡುಗಿಯರು ಮತ್ತು ಪ್ರೋಗ್ರಾಮು ಬರೆಯುವ ನಾವು ಕೆಲವರು. ನನ್ನನ್ನು ಬಿಟ್ಟರೆ ಎಲ್ಲರೂ ಕಾಲೇಜು ಮುಗಿಸಿದವರು. ನಾನು ಒಂಬತ್ತನೇ ಕ್ಲಾಸಿಗೆ ಬ್ಯಾಗು ಬಿಸಾಡಿದವನು. ಅಲ್ಲಿ ನನ್ನ ಹೆಸರೇ ‘ಒಂಬತ್ತನೇ ಕ್ಲಾಸು’. ‘ಏ ಒಂಬತ್ತನೇ ಕ್ಲಾಸು, ಟೀ ಕುಡಿಯಕ್ಕೆ ಬರ್ತೀಯಾ’ ಎಂದು ಪ್ರೀತಿಯಿಂದಲೇ ಕರೆಯುತ್ತಿದ್ದರು. ಪ್ರೀತಿಯಿಂದ ಕರೆದರೆ ಚುಚ್ಚುವುದಿಲ್ಲ ಎಂದು ಯಾರು ಹೇಳಿದರೋ.

ಮೊಬೈಲು ರಿಪೇರಿ ಅಂಗಡಿಯಲ್ಲಿ ಕೂತು ಗೋ ಎಂಬ ಪ್ರೋಗ್ರಾಮಿನ ಭಾಷೆ ಕಲಿತವನನ್ನು ಕರೆತಂದು ಕುರ್ಚಿ ಕೊಟ್ಟವರು ನಮ್ಮ ಮೇಡಂ. ಪ್ರೋಗ್ರಾಮಿನವರಿಗೆಲ್ಲ ಅವರೇ ಮುಖ್ಯಸ್ಥೆ. ಅಳೆದು ತೂಗಿ ಮಾತಾಡುವ ಹೆಂಗಸು. ಒಂದು ದಿನ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

‘ನಮ್ಮ ಸರ್ವರಿಗೆ ಎಷ್ಟು ಬಾಗಿಲು ಇದೆ ನೋಡಿದೀಯಾ?’

ನೋಡಿದ್ದೆ. ಸಿಲಿಂಡರ್ ಬೇಕು ಎನ್ನುವ ರಿಕ್ವೆಸ್ಟಿಗೆ ಒಂದು ಬಾಗಿಲು, ಖಾಲಿಯಾದದ್ದು ವಾಪಸ್ ಒಯ್ಯಿರಿ ಎನ್ನುವುದಕ್ಕೆ ಇನ್ನೊಂದು, ವಿಳಾಸ ಬದಲಾಯಿಸಲು ಮತ್ತೊಂದು, ಮೇಸ್ತ್ರಿ ಗಾಡಿಗೆ ಕೆಲಸ ಹಂಚುವುದಕ್ಕೆ ಮಗದೊಂದು. ಒಂದೊಂದು ಬಾಗಿಲಲ್ಲೂ ಬಂದದ್ದನ್ನು ಪರೀಕ್ಷಿಸುವ ಸಾಲುಗಳನ್ನು ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಬರೆದಿದ್ದರು. ಒಂದು ಕಡೆ ಫೋನ್ ನಂಬರಿನ ಮಧ್ಯೆ ಖಾಲಿ ಜಾಗವಿದ್ದರೆ ನಡೆಯುತ್ತಿತ್ತು, ಇನ್ನೊಂದು ಕಡೆ ಅದೇ ನಂಬರಿಗೆ ಕತ್ತು ಹಿಡಿದು ಆಚೆಗೆ.

‘ಎಲ್ಲಾನೂ ಒಂದೇ ಮಿಡಲ್‌ವೇರಿಗೆ ತಾ,’ ಎಂದರು. ‘ಒಂದೇ ಕಾವಲುಗಾರ. ಯಾವ ಬಾಗಿಲಲ್ಲಿ ನಿಲ್ಲಿಸಿದ್ರೂ ಆ ಬಾಗಿಲಿನ ನಿಯಮ ಕೈಗೆ ಕೊಟ್ರೆ ಸಾಕು, ಅವನು ನೋಡ್ಕೋಬೇಕು. ಆಗುತ್ತಾ?’

‘ಆಗದೇ ಏನು?’ ಎಂದೆ. ಒಂಬತ್ತನೇ ಕ್ಲಾಸಿನವನು ಎಂದಾದರೂ ‘ಗೊತ್ತಿಲ್ಲ’ ಅನ್ನುವುದುಂಟೆ? ಹಾಗಂದರೆ ಕುರ್ಚಿ ಹೋಯಿತು.

ಕೆಲಸ ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಒಳಗೆ ನಿಜವಾದ ಕೆಲಸ ಮಾಡುವ ಹ್ಯಾಂಡ್ಲರನ್ನು ಕೈಗೆ ತೆಗೆದುಕೊಂಡು, ಅದರ ಮುಂದೆ ನಿಂತು, ಹೊರಗಿನವರಿಗೆ ತಾನೇ ಹ್ಯಾಂಡ್ಲರ್ ಎಂಬಂತೆ ಕಾಣುವ ಒಂದು ಫಂಕ್ಷನ್ನು. ರಿಕ್ವೆಸ್ಟಿನ ಒಡಲನ್ನು ಒಮ್ಮೆ ಓದಿದರೆ ಮುಗಿಯಿತು, ಅದು ಬರಿದಾಗುತ್ತದೆ. ಹಿಂದೆ ನಿಂತವನಿಗೆ ಏನೂ ಉಳಿಯುವುದಿಲ್ಲ. ಹಾಗಾಗಿ ಕಾವಲುಗಾರ ಓದಿದ್ದನ್ನು ಬಿಡಿಸಿ, ಜೋಡಿಸಿ, ಒಳಗಿನವನ ಕೈಗೆ ತಾನೇ ಕೊಡಬೇಕು. ಒಳಗಿನವನು ಮತ್ತೆ ಪರೀಕ್ಷೆ ಮಾಡುವಂತಿಲ್ಲ, ಅನುಮಾನ ಪಡುವಂತಿಲ್ಲ. ಬರೆಯುತ್ತಾ ಬರೆಯುತ್ತಾ ಹಳೆಯ ಸಾಲುಗಳೆಲ್ಲ ಕಳೆ ಕಿತ್ತ ಹಾಗೆ ಬುಡಸಮೇತ ಬಂದವು.

ಒಂದು ಹಟ ಮಾತ್ರ ಹಿಡಿದೆ. ಹಳೆಯ ಪ್ರೋಗ್ರಾಮು ತಪ್ಪು ಕಂಡರೆ ‘ಅಮಾನ್ಯ’ ಎಂದು ಉಗುಳಿ ಬಾಗಿಲು ಮುಚ್ಚುತ್ತಿತ್ತು. ಏನು ಅಮಾನ್ಯ, ಯಾಕೆ ಅಮಾನ್ಯ, ಹೇಗೆ ಸರಿ ಮಾಡಲಿ, ಏನೂ ಇಲ್ಲ. ನನ್ನ ಕಾವಲುಗಾರ ಕಾರಣ ಹೇಳದೆ ಯಾರನ್ನೂ ವಾಪಸ್ ಕಳಿಸಬಾರದು. ಎಲ್ಲ ತಪ್ಪನ್ನೂ ಒಟ್ಟಿಗೆ ಹೇಳಬೇಕು, ಒಂದೊಂದೇ ಹೇಳಿ ಸತಾಯಿಸಬಾರದು. ‘ಮೊಬೈಲ್ ನಂಬರಿನಲ್ಲಿ ಒಂದು ಅಂಕಿ ಕಡಿಮೆ ಇದೆ. ನೋಡಿ ಹಾಕಿ’ ಎಂದು ಮನುಷ್ಯರ ಮಾತಿನಲ್ಲಿ.

‘ಕಾದಂಬರಿ ಬರೀತಿದೀಯೇನೋ?’ ಎಂದು ಪಕ್ಕದವನು ನಕ್ಕ.

‘ಹೂಂ. ನಿನ್ನ ಥರದೋರಿಗೆ ಚಿತ್ರ ಬೇರೆ ಹಾಕಬೇಕು,’ ಎಂದೆ.

ಬರೆದು ಮುಗಿದ ಮೇಲೆ ಪರೀಕ್ಷೆ. ಹಿಂದೆ ಬಂದು ಒಪ್ಪಿಗೆಯಾಗಿದ್ದ ರಿಕ್ವೆಸ್ಟುಗಳನ್ನೆಲ್ಲ ತಂದು ನನ್ನ ಕಾವಲುಗಾರನ ಮುಂದೆ ಮತ್ತೆ ಓಡಿಸಿದೆ. ಹಳೆಯದು ಒಳಗೆ ಬಿಟ್ಟಿದ್ದನ್ನು ಇವನೂ ಒಳಗೆ ಬಿಡಬೇಕು. ಬಿಟ್ಟ. ಎಲ್ಲವನ್ನೂ ಬಿಟ್ಟ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ.

ಮೇಡಂಗೆ ತೋರಿಸಲು ಚೆಂದವಿರಲಿ ಎಂದು ಬಂದ ಮಾಹಿತಿಯನ್ನು ಬಗೆಬಗೆಯಾಗಿ ವಿಂಗಡಿಸಿದೆ. ಯಾವ ಬಡಾವಣೆಯಿಂದ ಎಷ್ಟು, ಯಾವ ಮಹಡಿಯಿಂದ ಎಷ್ಟು. ಮಹಡಿ ನಮ್ಮ ಕಂಪನಿಗೆ ಮುಖ್ಯ. ಗಿರಾಕಿಗಳು ಆ್ಯಪಿನಲ್ಲಿ ಅದನ್ನು ಅಂಕಿಯಲ್ಲಿ ಹಾಕಬೇಕು, ನೆಲದ ಮನೆಯಾದರೆ ಸೊನ್ನೆ. ಸಿಲಿಂಡರ್ ಹೆಣಭಾರ. ಮೆಟ್ಟಿಲು ಇದ್ದರೆ ಇಬ್ಬರು ಬೇಕು, ಡ್ರೈವರ್ ಜೊತೆಗೆ ಹೆಲ್ಪರು. ಸಮನೆಲವಾದರೆ ತಳ್ಳುಗಾಡಿಯ ಮೇಲೆ ಉರುಳಿಸಿಕೊಂಡು ಒಬ್ಬನೇ ಸಾಕು. ಹಾಗಾಗಿ ನಮ್ಮಲ್ಲಿ ಜೋಡಿ ಗಾಡಿ, ಒಂಟಿ ಗಾಡಿ ಎಂದು ಎರಡು ಬಗೆ.

ಪಟ್ಟಿ ನೋಡುತ್ತಾ ನೋಡುತ್ತಾ ನನ್ನ ಕೈ ನಿಂತಿತು. ಒಂದನೇ ಮಹಡಿ ರಾಶಿರಾಶಿ. ಎರಡು, ಮೂರು, ನಾಲ್ಕು, ಎಲ್ಲ ಇವೆ. ಗ್ರೌಂಡ್ ಫ್ಲೋರ್ ಇಲ್ಲ. ಕಡಿಮೆ ಅಲ್ಲ, ಇಲ್ಲವೇ ಇಲ್ಲ. ಇಡೀ ಊರಿನಲ್ಲಿ ನೆಲದ ಮೇಲೆ ಕಾಯಿಲೆಯವರು ಒಬ್ಬರೂ ಇಲ್ಲ. ನಾನು ಗ್ರೌಂಡ್ ಫ್ಲೋರಿನಲ್ಲೇ ಇರುವವನು, ಅಕ್ಕ ಬಾವನ ಜೊತೆ. ನಮ್ಮ ಬೀದಿಯಲ್ಲಿ ಕೆಮ್ಮದ ಮನೆಯಿಲ್ಲ.

ಮೇಡಂ ಬಂದು ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

‘ಮಹಡಿ ಕಡ್ಡಾಯ ಅಂತ ನಿಯಮ ಹೇಗೆ ಬರೆದಿದೀಯಾ?’

ತೋರಿಸಿದೆ. ಮಹಡಿ ಸೊನ್ನೆಯಾಗಿದ್ದರೆ ‘ಮಹಡಿ ಹೇಳಿಲ್ಲ’ ಎಂದು ವಾಪಸ್. ಹಳೆಯ ಸಾಲಿನಲ್ಲಿದ್ದ ನಿಯಮವೂ ಅದೇ. ಅಲ್ಲಿಂದಲೇ ಎತ್ತಿಕೊಂಡಿದ್ದೆ.

‘ಈ ಭಾಷೆಯಲ್ಲಿ ಖಾಲಿ ಡಬ್ಬಿ ಅನ್ನೋದೇ ಇಲ್ಲ ಕಣೋ,’ ಎಂದರು. ‘ಅಂಕಿ ಇಡೋ ಡಬ್ಬಿ ಮಾಡಿದ ತಕ್ಷಣ ಒಳಗೆ ಸೊನ್ನೆ ಕೂತಿರುತ್ತೆ. ಯಾರೂ ಏನೂ ಹೇಳದಿದ್ರೂ ಸೊನ್ನೆ. ಯಾರೋ ಬಂದು ಸೊನ್ನೆ ಅಂತ ಹೇಳಿದ್ರೂ ಸೊನ್ನೆ. ನಿನ್ನ ಕಾವಲುಗಾರನಿಗೆ ಎರಡೂ ಒಂದೇ.’

‘ಹಾಗಾದ್ರೆ ಗ್ರೌಂಡ್ ಫ್ಲೋರಿನೋರು ನಿಜ ಹೇಳಿದ್ರೆ...’

‘ಬಾಯೇ ಬಿಟ್ಟಿಲ್ಲ ಅಂತ ಲೆಕ್ಕ. ಅದಕ್ಕೆ ಒಂದು ಅಂತ ಹಾಕ್ತಾರೆ. ಒಂದು ಅಂದ್ರೆ ಬಾಗಿಲು ತೆಗೆಯುತ್ತಲ್ಲ.’

ಸಿಟ್ಟು ಬಂದದ್ದು ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಒಂಬತ್ತನೇ ಕ್ಲಾಸಿನಲ್ಲಿ ನನ್ನನ್ನೂ ಹೀಗೇ ಬಾಗಿಲಲ್ಲಿ ನಿಲ್ಲಿಸಿದ್ದರು. ಯಾವುದೋ ಫಾರಮ್ಮಿಗೆ ತಂದೆಯ ಸಹಿ ಬೇಕಿತ್ತು. ಅಪ್ಪ ಮನೆ ಬಿಟ್ಟು ಹೋಗಿ ವರ್ಷಗಳಾಗಿದ್ದವು. ಅಕ್ಕ ಸಹಿ ಹಾಕಿ ಕೊಟ್ಟಳು, ನಡೆಯಲಿಲ್ಲ. ‘ತಂದೆ ಇಲ್ಲ ಸಾರ್’ ಎಂದೆ, ‘ಸಹಿ ಎಲ್ಲಿ’ ಎಂದರು. ಮಾರನೆಯ ದಿನವೂ ‘ಸಹಿ ಎಲ್ಲಿ’. ಪಕ್ಕದ ಬೆಂಚಿನವನು, ‘ನೀನೇ ಗೀಚೋ ಪೆದ್ದ, ಯಾರು ನೋಡ್ತಾರೆ’ ಎಂದು ಬುದ್ಧಿ ಹೇಳಿದ. ಗೀಚಿದ್ದರೆ ಒಳಗೆ ಬಿಡುತ್ತಿದ್ದರು. ಗೀಚಲಿಲ್ಲ. ಇಲ್ಲ ಎಂಬುದೂ ಒಂದು ಉತ್ತರ ಎಂದು ಆ ಮೇಷ್ಟರಿಗೆ ಹೇಳುವ ಮಾತು ಆಗ ನನ್ನ ಬಾಯಲ್ಲಿರಲಿಲ್ಲ. ಬ್ಯಾಗು ಬಿಸಾಡುವ ಕೈ ಮಾತ್ರ ಇತ್ತು.

ಒಪ್ಪಿಗೆಯಾದ ರಿಕ್ವೆಸ್ಟುಗಳನ್ನಷ್ಟೇ ನೋಡಿದ್ದೆನಲ್ಲ, ಈಗ ತಿರಸ್ಕಾರವಾದವುಗಳ ಪಟ್ಟಿಯಿದ್ದ ಲಾಗ್ ತೆರೆದೆ. ಸೊನ್ನೆ ಹಾಕಿದವರು ರಾಶಿ ರಾಶಿ. ಒಂದು ಸಲ ಸೊನ್ನೆ, ಮುಂದಿನ ಸಲ ಒಂದು. ಎಲ್ಲರೂ ಒಂದೇ ಏಟಿಗೆ ಪಾಠ ಕಲಿತಿದ್ದರು. ಒಂದು ಫೋನಿನಿಂದ ಮಾತ್ರ ಸೊನ್ನೆ, ಸೊನ್ನೆ, ಸೊನ್ನೆ. ತಿಂಗಳುಗಟ್ಟಲೆ ಸೊನ್ನೆ. ಆ ದಿನ ಬೆಳಿಗ್ಗೆಯೂ ಸೊನ್ನೆ.

ಆ ನಂಬರಿಗೆ ಫೋನು ಹಚ್ಚಿದೆ. ಹಿಂದೆ ಎಲ್ಲೋ ಹೊಲಿಗೆ ಮಿಷನ್ನು ಗಡಗಡ ಅನ್ನುತ್ತಿತ್ತು. ವಯಸ್ಸಾದ ಹೆಂಗಸಿನ ದನಿ.

‘ಗಾಡಿ ಎಲ್ಲಪ್ಪಾ?’

‘ಅಮ್ಮ, ನಾನು ಗಾಡಿಯವನಲ್ಲ. ಕಂಪ್ಯೂಟರಿನವನು. ನೀವು ಆ್ಯಪಲ್ಲಿ ಯಾವಾಗಲೂ ಸೊನ್ನೆ ಅಂತ ಹಾಕ್ತೀರಲ್ಲ...’

‘ಹಾಕ್ತೀನಿ. ನಾನಿರೋದು ನೆಲದ ಮೇಲೆ.’

‘ಒಂದು ಅಂತ ಹಾಕಿದ್ರೆ ತಗೊಳ್ಳುತ್ತೆ ಅಂತ ಯಾರೂ ಹೇಳಲಿಲ್ವಾ?’

‘ಹೇಳದೇ ಏನು, ನಿಮ್ಮ ಹುಡುಗೀರು ದಿನಾ ಹೇಳ್ತಾರೆ. ನೋಡಪ್ಪಾ, ನಾನು ಟೈಲರ್ರು. ಸೊಂಟ ಮೂವತ್ತಿದ್ರೆ ಮೂವತ್ತು ಅಂತ ಬರೀತೀನಿ. ನಿಮ್ಮ ಯಂತ್ರಕ್ಕೆ ಖುಷಿಯಾಗಲಿ ಅಂತ ನಲವತ್ತು ಬರೆದ್ರೆ ಪ್ಯಾಂಟು ಯಾರದ್ದು ಕೆಳಗೆ ಬೀಳೋದು? ನಿಂದಾ?’

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಆ್ಯಪ್ ಒಪ್ಪದೆ ಆ ದಿನವೂ ಎಂದಿನಂತೆ ಕಡೆಗೆ ಫೋನು ಮಾಡಿದ್ದರಂತೆ. ನಮ್ಮ ಹುಡುಗಿ ಅವರ ಪರವಾಗಿ ಒಂದು ಎಂದು ಒತ್ತಿದ್ದಳು. ಒಂದು ಅಂದ ಮೇಲೆ ಜೋಡಿ ಗಾಡಿಯೇ ಹೋಗಬೇಕು. ಜೋಡಿ ಗಾಡಿಗಳೆಲ್ಲ ಬೆಳಿಗ್ಗೆಯಿಂದ ಊರಿನ ಆ ತುದಿಯಲ್ಲಿದ್ದವು.

‘ಯಜಮಾನರ ಸಿಲಿಂಡರ್ ಮುಳ್ಳು ಕೆಂಪಿಗೆ ಬಂದಿದೆ,’ ಎಂದರು ಟೈಲರಮ್ಮ. ದನಿ ಏರಲಿಲ್ಲ. ‘ಅವರ ಉಸಿರಿಗೆ ಸರಿಯಾಗಿ ನಾನು ಮಿಷನ್ ತುಳೀತಾ ಕೂತಿದೀನಿ.’

ಕಿಟಕಿಯಿಂದ ಕೆಳಗೆ ನೋಡಿದೆ. ಯಾರ್ಡಿನಲ್ಲಿ ಮೂರು ಒಂಟಿ ಗಾಡಿಗಳು ಬಿಸಿಲು ಕಾಯಿಸುತ್ತಾ ನಿಂತಿದ್ದವು. ಒಬ್ಬ ಡ್ರೈವರ್ ಬಾನೆಟ್ಟಿನ ಮೇಲೆ ಕೂತು ಹಲ್ಲು ಚುಚ್ಚಿಕೊಳ್ಳುತ್ತಿದ್ದ.

ಮೆಟ್ಟಿಲಿಳಿದು ಓಡಿದೆ. ಮೇಸ್ತ್ರಿ ಜಗ್ಗಲಿಲ್ಲ. ‘ಸಿಸ್ಟಮ್ಮಲ್ಲಿ ಒಂದು ಅಂತಿದೆ. ಒಬ್ಬನ್ನ ಕಳಿಸಿ ಅವನ ಸೊಂಟ ಮುರಿದ್ರೆ ನಿಮ್ಮಪ್ಪ ಬಂದು ಉತ್ತರ ಕೊಡ್ತಾನಾ?’ ಎಂದರು. ಅಪ್ಪನ ಸುದ್ದಿ ಎತ್ತಿದ್ದಕ್ಕೆ ನಾನು ಬಾಯಿಗೆ ಬಂದ ಹಾಗೆ ಅಂದೆ. ಹಿಂದೆಯೇ ಬಂದ ಮೇಡಂ ನಮ್ಮಿಬ್ಬರ ನಡುವೆ ನಿಂತು, ‘ನನ್ನ ಜವಾಬ್ದಾರಿ, ಗಾಡಿ ಹೊರಡಲಿ’ ಎಂದರು. ಗಾಡಿ ಹೊರಟಿತು. ಮುಟ್ಟಿತು. ಟೈಲರಮ್ಮ ಫೋನು ಮಾಡಿ, ‘ಒಬ್ಬನೇ ಬಂದ. ಈಗ ನಿಮಗೆ ಅಳತೆ ತಿಳೀತು’ ಎಂದಷ್ಟೇ ಹೇಳಿ ಇಟ್ಟರು.

‘ನಾಳೆ ಬೆಳಿಗ್ಗೆ ಸೊನ್ನೆ ಸರಿಮಾಡಿ ಹೊಸ ಗೇಟು ಹಾಕೋಣ,’ ಎಂದರು ಮೇಡಂ. ಮಾಡುವುದೇನೂ ಕಷ್ಟವಿರಲಿಲ್ಲ. ಅಂಕಿಯನ್ನು ನೇರ ಡಬ್ಬಿಯಲ್ಲಿ ಇಡುವ ಬದಲು ಪಾಯಿಂಟರ್ ಇಡುವುದು, ಅಂದರೆ ಡಬ್ಬಿಯ ಕಡೆ ತೋರಿಸುವ ಬೆರಳು. ಯಾರಾದರೂ ಹೇಳಿದ್ದರೆ ಬೆರಳು ಡಬ್ಬಿಯನ್ನು ತೋರಿಸುತ್ತದೆ, ಒಳಗೆ ಸೊನ್ನೆಯೇ ಇರಲಿ. ಹೇಳದಿದ್ದರೆ ಬೆರಳು ಏನನ್ನೂ ತೋರಿಸುವುದಿಲ್ಲ. ಅಷ್ಟೇ. ಎಲ್ಲ ಬಾಗಿಲಿಗೂ ಒಬ್ಬನೇ ಕಾವಲುಗಾರ, ಒಂದು ಕಡೆ ತಿದ್ದಿದರೆ ಊರೆಲ್ಲ ತಿದ್ದಿದ ಹಾಗೆ.

ಸಂಜೆ ಹಾರಾಡುತ್ತಾ ಮನೆಗೆ ಹೋದೆ. ಬಾವ ನಮ್ಮ ಕಂಪನಿಯಲ್ಲೇ ಜೋಡಿ ಗಾಡಿಯ ಹೆಲ್ಪರು. ಆಗಷ್ಟೇ ಬಂದು ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ, ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಹಾಕಿಕೊಂಡು ಕೂತಿದ್ದರು. ಆ ಮೊಣಕಾಲಿನ ವಿಷಯ ಮನೆಯ ಮೂವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೇಸ್ತ್ರಿಗೆ ಗೊತ್ತಾದರೆ ‘ಮನೇಲಿ ಕೂತು ಗುಣ ಮಾಡ್ಕೊಂಡು ಬಾ’ ಎನ್ನುತ್ತಾರೆ. ಹಾಗೆ ಹೋದ ಹೆಲ್ಪರು ಯಾರೂ ವಾಪಸ್ ಬಂದದ್ದಿಲ್ಲ.

ನಾನು ಸೊನ್ನೆಯ ಕಥೆ ಹೇಳಿದೆ. ಬಾವ ಮೊದಲು ನಕ್ಕರು.

‘ಅದು ನಮಗೆ ಯಾವತ್ತಿಂದಾನೂ ಗೊತ್ತು ಕಣೋ. ಗಾಡೀಲಿ ಅದಕ್ಕೆ ಸುಳ್ಳೊಂದು ಅಂತೀವಿ. ಒಂದು ಅಂತ ಬರುತ್ತೆ, ಹೋಗಿ ನೋಡಿದ್ರೆ ಬಾಗಿಲು ನೆಲಕ್ಕೇ ಇರುತ್ತೆ. ಡ್ರೈವರ್ ಉರುಳಿಸ್ಕೊಂಡು ಹೋಗ್ತಾನೆ, ನಾನು ಗಾಡೀಲೇ ಕಾಲು ಚಾಚ್ಕೊಂಡು ಕೂತಿರ್ತೀನಿ. ಎರಡು ನಾಲ್ಕನೇ ಮಹಡಿ ಹತ್ತಿದ ಮೇಲೆ ಒಂದು ಸುಳ್ಳೊಂದು ಸಿಕ್ರೆ...’

ಅಲ್ಲಿಗೆ ಮಾತು ನಿಂತಿತು. ನಗುವೂ ನಿಂತಿತು.

‘ನಾಳೆಯಿಂದ ಅವೆಲ್ಲ ಒಂಟಿ ಗಾಡಿಗೆ ಹೋಗ್ತವಾ?’

ನಾನು ತಲೆಯಾಡಿಸಿದೆ.

‘ನಮಗೆ ಬರೀ ಮೆಟ್ಟಿಲಾ? ಬೆಳಿಗ್ಗೆಯಿಂದ ಸಂಜೆವರೆಗೂ?’

‘ಬಾವ, ಅಲ್ಲೊಬ್ಬರು ಮುಳ್ಳು ಕೆಂಪಿಗೆ ಬಂದಿದ್ರೂ...’

‘ಗೊತ್ತಾಯ್ತು ಬಿಡೋ. ನಾನೇನು ಯಾರ ಗಂಟಲಾದ್ರೂ ಹಿಸುಕಿ ಅಂದ್ನಾ?’ ಬಟ್ಟೆಯನ್ನು ಬಕೆಟ್ಟಿಗೆ ಎಸೆದರು, ನೀರು ಚೆಲ್ಲಿತು. ‘ಈ ಕಾಲಿಗೆ ಬರೀ ಮೆಟ್ಟಿಲು ಹತ್ತು ಅಂದ್ರೆ ವಾರ ತಡೆಯಲ್ಲ. ಆಮೇಲೆ ಮನೇಲಿ ಕೂತು ನಿನ್ನ ಗೇಟಿನ ಕಥೆ ಕೇಳ್ತೀನಿ.’

ಅಕ್ಕ ಬೈಂಡಿಂಗ್ ಅಂಗಡಿಯಿಂದ ಬಂದವಳು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಬೆರಳಿಗೆ ಅಂಟು ಮೆತ್ತಿತ್ತು. ಇಬ್ಬರ ಮುಖ ನೋಡಿದಳು.

‘ಏನಾಯ್ತು? ಯಾರು ಸತ್ರು?’

‘ನಿನ್ನ ತಮ್ಮನ್ನ ಕೇಳು. ಊರು ಉದ್ಧಾರ ಮಾಡ್ತಿದಾನೆ,’ ಎಂದರು ಬಾವ.

ನಾನು ಹೇಳಿದೆ. ಅಕ್ಕ ಕೂತು ಉಗುರಿನ ಅಂಟು ಕೆರೆಯುತ್ತಾ ಕೇಳಿದಳು. ಹೆಂಡತಿಯಾಗಿ ಬೈಯುತ್ತಾಳೋ ಅಕ್ಕನಾಗಿ ಬೈಯುತ್ತಾಳೋ ಎಂದು ಕಾದೆ. ಅವಳು ಇಬ್ಬರನ್ನೂ ಒಟ್ಟಿಗೆ ಬೈದಳು. ‘ನೀನು ಮಾಡದಿದ್ರೆ ಇನ್ನೊಬ್ಬ ಮಾಡ್ತಾನೆ, ಅದನ್ನ ತಲೇಲಿಟ್ಕೋ. ರೀ, ನೀವೂ ಅಷ್ಟೇ. ಇನ್ನೊಬ್ಬರ ಸುಳ್ಳಿನ ಮೇಲೆ ಕಾಲು ಚಾಚಿ ಎಷ್ಟು ದಿನ ಅಂತ ಕೂರ್ತಿದ್ರಿ? ಕಾಲು ನೋವಿದೆ ಅಂತ ಬಾಯಿ ಬಿಟ್ಟು ಹೇಳಕ್ಕೆ ನಿಮಗೇನು ದಾಡಿ?’

‘ಹೇಳಿದ್ರೆ ಕೆಲಸ ಹೋಗುತ್ತಲ್ಲೇ!’

‘ಹೇಳದಿದ್ರೆ ಕಾಲು ಹೋಗುತ್ತೆ.’

ಒಂದೇ ಕೋಣೆಯ ಮನೆಯಲ್ಲಿ ಮೂವರು ಮಾತು ಬಿಟ್ಟರೆ ಪಾತ್ರೆಗಳೇ ಮಾತಾಡುತ್ತವೆ.

ಬೆಳಿಗ್ಗೆ ನಡೆದುಕೊಂಡೇ ಕಚೇರಿಗೆ ಹೋದೆ. ಆ ಸುಳ್ಳು ಯಾರು ಯಾರಿಗೆ ಏನೇನು ಕೊಟ್ಟಿತ್ತು ಎಂದು ಯೋಚಿಸುತ್ತಾ ಹೋದೆ. ಬಾಗಿಲಿನವನು ನಿಜ ಒಪ್ಪಲಿಲ್ಲ, ಜನ ಸುಳ್ಳು ಹೇಳಿದರು. ಆ ಸುಳ್ಳಿನಿಂದ ಒಬ್ಬರಿಗೆ ಗಾಡಿ ತಡವಾಯಿತು, ಇನ್ನೊಬ್ಬರ ಕಾಲಿಗೆ ಉಸಿರು ಸಿಕ್ಕಿತು. ಎರಡೂ ಒಂದೇ ಸೊನ್ನೆಯಿಂದ. ಇದರಲ್ಲಿ ಯಾವನನ್ನು ಹಿಡಿದು ಬಡಿಯಲಿ? ಬಡಿಯಲು ಯಾರೂ ಸಿಗದಿದ್ದರೆ ನನಗೆ ದಿಕ್ಕು ತೋಚುವುದಿಲ್ಲ.

ಕೂತು ಸೊನ್ನೆ ಸರಿ ಮಾಡಿದೆ. ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದೆ. ಮೇಸ್ತ್ರಿ ಗಾಡಿಗೆ ಕೆಲಸ ಹಂಚುವ ಬಾಗಿಲಿಗೂ ಇದೇ ಕಾವಲುಗಾರ ತಾನೆ? ಅವನ ಹೊಟ್ಟೆಯೊಳಗೆ ಒಂದು ಸಣ್ಣ ನಿಯಮ ಸೇರಿಸಿದೆ. ಒಂದು ಜೋಡಿ ಗಾಡಿ ಎರಡು ಸಲ ಮೆಟ್ಟಿಲು ಹತ್ತಿದ ಮೇಲೆ, ಹತ್ತಿರದಲ್ಲಿ ನೆಲದ ಮನೆಯಿದ್ದರೆ, ಮೂರನೆಯದಾಗಿ ಮತ್ತೆ ಮೆಟ್ಟಿಲಿನ ಮನೆ ಕೊಟ್ಟರೆ ತಿರಸ್ಕಾರ. ಅದಕ್ಕೆ ಯಾರ ಕಣ್ಣಿಗೂ ಬೀಳದ ಸಪ್ಪೆ ಹೆಸರಿಟ್ಟೆ. ‘ಮಹಡಿ ಪರಿಶೀಲನೆ’.

ಮೇಡಂ ಸಾಲು ಸಾಲಾಗಿ ಓದುತ್ತಾ ಬಂದರು. ಅಲ್ಲಿಗೆ ಬಂದು ನಿಂತರು.

‘ಇದೇನು?’

‘ಪರಿಶೀಲನೆ.’

‘ನಿಮ್ಮ ಬಾವ ಯಾವ ಗಾಡಿ?’

ಕಿವಿ ಬಿಸಿಯಾಯಿತು. ‘ಬಾವ ಬಿಡಿ ಮೇಡಂ, ನಿಯಮದಲ್ಲಿ ಏನು ತಪ್ಪಿದೆ ಹೇಳಿ,’ ಎಂದು ಎಗರಿದೆ. ‘ಹೊರಗಿನೋರನ್ನ ತಡೆಯೋ ಗೇಟು ಮೇಸ್ತ್ರೀನ ಯಾಕೆ ತಡೀಬಾರದು?’

‘ಗೇಟು ಕೇಳಬೇಕಾದ್ದು ಇಷ್ಟೇ. ಹೇಳಬೇಕಾದ್ದನ್ನ ಹೇಳಿದಾರಾ, ಹೇಳಿದ್ದು ಅರ್ಥ ಆಗುತ್ತಾ. ಯಾರು ಎಷ್ಟು ಮೆಟ್ಟಿಲು ಹತ್ತಬೇಕು ಅನ್ನೋದು ಒಳಗೆ ಕೂತು ತೀರ್ಮಾನ ಮಾಡೋ ವಿಷಯ.’

‘ಒಳಗೆ ಕೂತೋರು ಯಾವತ್ತು ತೀರ್ಮಾನ ಮಾಡಿದಾರೆ?’

‘ಮಾಡಿಲ್ಲ. ನಿಜ.’ ಅವರು ಸಿಟ್ಟಾಗಲಿಲ್ಲ. ಅದು ಇನ್ನೂ ಕೆಟ್ಟದ್ದು. ‘ಆದ್ರೆ ನೀನು ಇಲ್ಲಿ ಬಚ್ಚಿಟ್ರೆ ಏನಾಗುತ್ತೆ ಗೊತ್ತಾ? ನಾಳೆ ಮೇಸ್ತ್ರಿ ತಡೆ ಬಂತು ಅಂತ ಕೂಗಾಡ್ತಾರೆ. ಯಾರೋ ಬಂದು ನೋಡ್ತಾನೆ, ಇದು ಯಾಕಿದೆ ಅಂತ ಗೊತ್ತಾಗಲ್ಲ, ಅಳಿಸಿ ಹಾಕ್ತಾನೆ. ನಿಮ್ಮ ಬಾವ ಮತ್ತೆ ಮೆಟ್ಟಿಲಿಗೇ. ಹಳೇ ಗೇಟಿನೋರೂ ಹೀಗೇ ಮಾಡಿದ್ರು, ಸೊನ್ನೆ ಯಾಕೆ ಬೇಡ ಅಂತ ಎಲ್ಲೂ ಬರೀಲಿಲ್ಲ. ಇದು ಬೇಕು ಅಂತಿದ್ರೆ ನೀವಿಬ್ಬರೂ ಯಾರ್ಡಲ್ಲಿ ನಿಂತು ಮೇಸ್ತ್ರೀನ ಕೇಳಿ. ಒಪ್ಪಿದ್ರೆ ಅದರ ಹೆಸರಲ್ಲೇ ಬರಿ, ಹಂಚೋ ಜಾಗದಲ್ಲಿ. ನಾನೇ ಸಹಿ ಹಾಕ್ತೀನಿ.’

‘ಕೇಳಿದ್ರೆ ಕಾಲಿನ ವಿಷಯ ಹೊರಗೆ ಬರುತ್ತೆ ಮೇಡಂ. ಬಂದ್ರೆ ಕೆಲಸ ಹೋಗುತ್ತೆ.’

‘ಅದು ಅವರು ತೀರ್ಮಾನ ಮಾಡಬೇಕಾದ್ದು. ನೀನಲ್ಲ, ನಾನೂ ಅಲ್ಲ.’

ಆ ಸಾಲುಗಳನ್ನು ಅಳಿಸಿದೆ. ಅಳಿಸುವಾಗ ಕೀಬೋರ್ಡಿನ ಮೇಲೆ ಎಷ್ಟು ಜೋರಾಗಿ ಕುಟ್ಟಿದೆನೆಂದರೆ ಫೋನಿನ ಹುಡುಗಿಯರೆಲ್ಲ ತಿರುಗಿ ನೋಡಿದರು. ಸೊನ್ನೆಯನ್ನು ಮಾತ್ರ ಉಳಿಸಿಕೊಂಡು ಗೇಟು ಹಾಕಿದೆವು.

ಸ್ವಲ್ಪ ಹೊತ್ತಿನಲ್ಲೇ ಸೊನ್ನೆಗಳು ಬರತೊಡಗಿದವು. ಆ್ಯಪ್ ಈಗ ಸೊನ್ನೆಯನ್ನು ಒಪ್ಪುತ್ತದೆ ಎಂದು ಬರೆದು ಎಲ್ಲರಿಗೂ ಸಂದೇಶ ಕಳಿಸಿದ್ದೆವು. ನೆಲದ ಮನೆಗಳು ಒಂದೊಂದಾಗಿ ಪರದೆಯ ಮೇಲೆ ಎದ್ದು ಬಂದವು. ಒಂಟಿ ಗಾಡಿಗಳು ಬಂದ ಬಂದ ಹಾಗೇ ಮತ್ತೆ ಓಡಿದವು, ಯಾವ ಮನೆಯೂ ಕಾಯಲಿಲ್ಲ. ನೋಡಿ ಖುಷಿಪಡಬೇಕಿತ್ತು. ನನ್ನ ಕಣ್ಣು ಬಾವನ ಗಾಡಿಯ ಸಾಲಿನ ಮೇಲೇ ನೆಟ್ಟಿತ್ತು. ಮೂರು. ನಾಲ್ಕು. ಮೂರು. ಐದು, ಲಿಫ್ಟ್ ಕೆಟ್ಟಿದೆ. ನಾಲ್ಕು.

ಮಧ್ಯಾಹ್ನ ಆ ಗಾಡಿ ಸಿಲಿಂಡರ್ ತುಂಬಿಕೊಳ್ಳಲು ಯಾರ್ಡಿಗೆ ಬಂದಾಗ ನಾನು ಕೆಳಗಿಳಿದೆ. ಬಾವ ಗಾಡಿಯಿಂದ ಇಳಿಯುವಾಗ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮುಖ ಬಿಳುಚಿತ್ತು. ಮಗುಚಿ ಹಾಕಿದ ಕ್ರೇಟಿನ ಮೇಲೆ ಕೂತರು. ನನ್ನನ್ನು ನೋಡಿದರೂ ನೋಡದವರ ಹಾಗೆ.

‘ಬಾವ, ಕೇಳೋಣ,’ ಎಂದೆ ಮೆಲ್ಲಗೆ. ‘ನಾನೂ ನಿಂತ್ಕೋತೀನಿ.’

‘ನೀನು ನಿಂತ್ರೆ ನನ್ನ ಕಾಲು ನೆಟ್ಟಗಾಗುತ್ತಾ? ಹೋಗೋ ಮೇಲೆ.’

ಹೋಗಲಿಲ್ಲ. ಮೇಸ್ತ್ರಿ ಫೋನು ನೋಡುತ್ತಾ ಬಂದರು. ‘ಏಳಪ್ಪಾ, ಟಾಕೀಸಿನ ಹಿಂದೆ ನಾಲ್ಕನೇ ಮಹಡಿ. ಬೇಗ.’

ಬಾವ ಏಳಲಿಲ್ಲ. ನೆಲ ನೋಡುತ್ತಾ ಕೂತರು. ಆಮೇಲೆ ಬಗ್ಗಿ ಬಲಗಾಲಿನ ಪ್ಯಾಂಟನ್ನು ಮಡಚುತ್ತಾ ಮಡಚುತ್ತಾ ಮೊಣಕಾಲಿನವರೆಗೂ ತಂದರು. ಮೊಣಕಾಲು ಹಲಸಿನ ಮಿಡಿಯ ಹಾಗೆ ಊದಿಕೊಂಡಿತ್ತು.

‘ನೋಡಿ ಮೇಸ್ತ್ರಿ. ವರ್ಷದಿಂದ ಹೀಗಿದೆ. ಮಧ್ಯೆ ಮಧ್ಯೆ ನೆಲದ ಮನೆ ಸಿಕ್ತಿತ್ತು, ಹೇಗೋ ಎಳೀತಿದ್ದೆ. ಈಗ ಇಲ್ಲ. ಕಳಿಸೋದಾದ್ರೆ ಮನೆಗೆ ಕಳಿಸಿ.’

ಮೇಸ್ತ್ರಿ ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಗಾಡಿಯ ದಪ್ಪನೆಯ ಹೆಲ್ಪರು ಅಂಗಿ ಎತ್ತಿ ಸೊಂಟದ ಬೆಲ್ಟು ತೋರಿಸಿದ. ಒಳಗೆ ಮನೆಯವರಿಗೂ ಗೊತ್ತಾಗದ ಹಾಗೆ ಕಟ್ಟಿಕೊಂಡಿದ್ದ ಬೆಲ್ಟು. ‘ಇವನ್ನ ಕಳಿಸಿದ್ರೆ ನನ್ನನ್ನೂ ಕಳಿಸಬೇಕಾಗುತ್ತೆ,’ ಎಂದ. ಮೂಲೆಯಲ್ಲಿದ್ದವನೊಬ್ಬ, ‘ನನ್ನ ಎಡಗೈ ಕಿವಿಗಿಂತ ಮೇಲೆ ಹೋಗಲ್ಲ, ಮೇಸ್ತ್ರಿ’ ಎಂದು ಎತ್ತಿ ತೋರಿಸಿದ. ನಿಜವಾಗಿಯೂ ಹೋಗಲಿಲ್ಲ. ಬಾವನ ಡ್ರೈವರೇ, ‘ನನಗೆ ಅದು ಹರ್ನಿಯಾ ಅಂತೆ. ತೋರಿಸಬೇಕಾ?’ ಎಂದು ಬೆಲ್ಟಿಗೆ ಕೈ ಹಾಕಿದ.

‘ಬೇಡ! ಬೇಡಪ್ಪಾ, ಮಹರಾಯ!’ ಎಂದು ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು. ನಕ್ಕವರು ನಕ್ಕರು. ಬಾವ ನಗಲಿಲ್ಲ. ಬೆರಗಾಗಿ ಒಬ್ಬೊಬ್ಬರನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಒಂದೇ ಗಾಡಿಯಲ್ಲಿ ಕೂತವರು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಎಲ್ಲರೂ ಅದೇ ಸುಳ್ಳೊಂದರ ಮೇಲೆ ಸುಧಾರಿಸಿಕೊಂಡಿದ್ದರು.

‘ಎಲ್ಲರನ್ನೂ ಮನೆಗೆ ಕಳಿಸಿ ನಾನೇ ಹೊರ್ಲಾ?’ ಎಂದು ಮೇಸ್ತ್ರಿ ಯಾರನ್ನೋ ಕೇಳಿದರು. ಮೇಲಿನಿಂದ ಫೋನುಗಳು ಒಂದೇ ಸಮನೆ ಹೊಡೆದುಕೊಳ್ಳುತ್ತಿದ್ದವು.

ನಾನು ಬಾಯಿ ಹಾಕಿದೆ. ಎರಡು ಮೆಟ್ಟಿಲಿನ ಮನೆಯಾದ ಮೇಲೆ ಹತ್ತಿರದ ನೆಲದ ಮನೆಯೊಂದನ್ನು ಜೋಡಿ ಗಾಡಿಗೇ ಕೊಡುವುದು. ಹತ್ತಿರದಲ್ಲಿ ಇಲ್ಲದಿದ್ದರೆ ಬೇಡ, ಯಾವ ರೋಗಿಯನ್ನೂ ಕಾಯಿಸುವುದು ಬೇಡ.

‘ಒಬ್ಬನ ಕೆಲಸಕ್ಕೆ ಇಬ್ಬರನ್ನ ಕಳಿಸೋದಾ? ಅದು ದಂಡ ಅಲ್ವೇನೋ?’

‘ನಿನ್ನೆವರೆಗೂ ಕಳಿಸ್ತಿದ್ರಲ್ಲ, ಗೊತ್ತಿಲ್ದೆ. ಇನ್ಮೇಲೆ ಗೊತ್ತಿದ್ದು ಕಳಿಸಿ.’

ಮೇಸ್ತ್ರಿ ನನ್ನನ್ನು ನುಂಗುವ ಹಾಗೆ ನೋಡಿದರು. ಆಮೇಲೆ ಬಾವನ ಮೊಣಕಾಲನ್ನು ನೋಡಿದರು. ‘ಪ್ಯಾಂಟು ಇಳಿಸಪ್ಪಾ, ನೋಡಕ್ಕಾಗಲ್ಲ,’ ಎಂದರು. ‘ಮಾಡ್ಕೊಳ್ಳಿ ಏನಾದ್ರೂ. ಆದ್ರೆ ನಾನು ಮರೀತೀನಿ. ನೂರು ತಲೆನೋವು ನನಗೆ.’

‘ಮರೆತ್ರೆ ನೆನಪು ಮಾಡುತ್ತೆ. ಅದಕ್ಕೇ ನಾನಿರೋದು,’ ಎಂದೆ.

ಸಂಜೆಯೊಳಗೆ ಬರೆದೆ. ಗೇಟಿನಲ್ಲಲ್ಲ, ಹಂಚುವ ಜಾಗದಲ್ಲಿ. ಈ ಸಲ ಹೆಸರು ನೆಟ್ಟಗಿತ್ತು: ‘ಎರಡು ಮೆಟ್ಟಿಲಿನ ಮೇಲೆ ಒಂದು ನೆಲ’. ಯಾಕೆ ಬೇಕು, ಯಾರು ಯಾರು ಸೇರಿ ಒಪ್ಪಿದ್ದು ಎಂದು ಪಕ್ಕದಲ್ಲೇ ಬರೆದೆ. ಮೇಡಂ ಓದಿ ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಬಾವ ಆ ರಾತ್ರಿ ನನ್ನೊಂದಿಗೆ ಮಾತಾಡಲಿಲ್ಲ. ಬಿಸಿನೀರಿನ ಬಕೆಟ್ಟು ನಾನು ತಂದಿಟ್ಟಾಗ ಬೇಡ ಎನ್ನಲೂ ಇಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ ಕಬ್ಬಿಣದ ಮೆಟ್ಟಿಲು ದಡದಡ ಸದ್ದಾಯಿತು. ಮೇಸ್ತ್ರಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರು. ಅವರು ಮೇಲೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

‘ಯಾವನೋ ಅದು? ನನ್ನನ್ನೇ ತಡೀತಿದೆ!’

‘ಕಾರಣ ಬರೆದಿದೆ. ಓದಿದ್ರಾ?’

ಕನ್ನಡಕವನ್ನು ಹಣೆಯಿಂದ ಇಳಿಸಿ, ಫೋನನ್ನು ತೋಳಿನಷ್ಟು ದೂರ ಹಿಡಿದು, ಇಡೀ ಕೋಣೆಗೆ ಕೇಳುವ ಹಾಗೆ ಓದಿದರು. ‘ಈ ಗಾಡಿಯವರು ಈಗಷ್ಟೇ ನಾಲ್ಕನೇ ಮಹಡಿ, ಐದನೇ ಮಹಡಿ ಹತ್ತಿ ಇಳಿದಿದ್ದಾರೆ. ಪಕ್ಕದ ಬೀದಿಯಲ್ಲಿ ಒಂದು ನೆಲದ ಮನೆ ಕಾಯುತ್ತಿದೆ. ಅದನ್ನು ಕೊಡಿ. ಮೂರನೇ ಮಹಡಿಗೆ ಇನ್ನೊಂದು ಜೋಡಿ ಗಾಡಿ ಸಿದ್ಧವಿದೆ.’

ಓದಿ ಮುಗಿದ ಮೇಲೆ ಬೆವರು ಒರೆಸಿಕೊಂಡರು.

‘ಇಷ್ಟುದ್ದ ಯಾಕೆ ಬರೀತೀಯೋ? ಆಗಲ್ಲ ಅಂದಿದ್ರೆ ಸಾಕಿತ್ತು.’

‘ಹಾಗಂದಿದ್ರೆ ನೀವು ಬಿಡ್ತಿದ್ರಾ?’

ಮೇಸ್ತ್ರಿ ತೋರುಬೆರಳಿನಿಂದ ಫೋನನ್ನು ಕುಟ್ಟಿ ಕುಟ್ಟಿ ಪಕ್ಕದ ಬೀದಿಯ ಮನೆಯನ್ನು ಬಾವನ ಗಾಡಿಗೆ ಹಾಕಿದರು. ಗೇಟು ಒಪ್ಪಿತು, ಹಂಚಿಕೆಯೂ ಒಪ್ಪಿತು. ಮೆಟ್ಟಿಲಿಳಿಯುತ್ತಾ ಅರ್ಧದಲ್ಲಿ ಕಂಬಿ ಹಿಡಿದು ನಿಂತು ತಮ್ಮ ಮೊಣಕಾಲನ್ನೊಮ್ಮೆ ನೀವಿಕೊಂಡರು. ಮೇಲಿನಿಂದ ಯಾರಾದರೂ ನೋಡಿದರೇ ಎಂದು ತಲೆಯೆತ್ತಿದರು. ನಾನು ಪರದೆಯ ಕಡೆ ತಿರುಗಿದೆ.